ಅಗ್ಗದ ಟಿಕೆಟ್ ಯಾವ ಸಾಲಿನದು?

ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನ ಉತ್ತರ ತುದಿಯಲ್ಲಿ, ಬ್ರಾಡ್‌ವೇ ರಸ್ತೆ ಏಳನೇ ಅವೆನ್ಯೂವನ್ನು ಓರೆಯಾಗಿ ಹಾಯುವಾಗ ನಡುವೆ ಉಳಿದ ತ್ರಿಕೋನದ ಜಾಗವೊಂದಿದೆ. ಅದರ ಹೆಸರು ಡಫಿ ಸ್ಕ್ವೇರ್. ಅಲ್ಲಿ ಕೆಂಪು ಗಾಜಿನ 27 ಮೆಟ್ಟಿಲುಗಳಿವೆ. ಮೆಟ್ಟಿಲ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುವ ಪ್ರವಾಸಿಗರಲ್ಲಿ ಎಷ್ಟೋ ಮಂದಿಗೆ ತಾವು ಕೂತಿರುವುದು ಒಂದು ಟಿಕೆಟ್ ಕೌಂಟರಿನ ನೆತ್ತಿಯ ಮೇಲೆ ಎಂಬುದು ಗೊತ್ತಿರುವುದಿಲ್ಲ. ಕೆಳಗಿನ ಕಿಟಕಿಗಳ ಮುಂದೆ ದಿನವೂ ಸಾಲು ಬೆಳೆಯುತ್ತದೆ. ಫಲಕದಲ್ಲಿ ಆ ಸಂಜೆ ಆಸನ ಉಳಿದಿರುವ ನಾಟಕಗಳ ಹೆಸರು, ಪಕ್ಕದಲ್ಲೇ ರಿಯಾಯಿತಿಯ ಪ್ರಮಾಣ: ಶೇ 50, ಶೇ 40, ಶೇ 30. ಇವತ್ತಿನ ನಾಟಕದ ಟಿಕೆಟ್ಟನ್ನು ಇವತ್ತೇ ಬಂದು ಕೊಂಡರೆ ಹೆಚ್ಚುಕಡಿಮೆ ಅರ್ಧ ಬೆಲೆ.

ಈ ಕೌಂಟರಿಗೆ ಟಿ.ಕೆ.ಟಿ.ಎಸ್ ಎಂದು ಹೆಸರು. 1973ರ ಜೂನ್ 25ರಂದು ಶುರುವಾದಾಗ ಗಾಜಿನ ಮೆಟ್ಟಿಲೂ ಇರಲಿಲ್ಲ, ಗಟ್ಟಿ ಗೋಡೆಯೂ ಇರಲಿಲ್ಲ. ಕೊಳವೆಗಳ ಚೌಕಟ್ಟು, ಅದಕ್ಕೆ ಬಿಗಿದ ಬಿಳಿ ಕ್ಯಾನ್‌ವಾಸ್, ಒಳಗೊಂದು ಟ್ರೇಲರ್, ಅಷ್ಟೆ. ಬ್ರಾಡ್‌ವೇ ರಂಗಮಂದಿರಗಳ ಪ್ರೇಕ್ಷಕರು ಕರಗುತ್ತಿದ್ದ, ಟೈಮ್ಸ್ ಸ್ಕ್ವೇರ್‌ಗೆ ಸಂಜೆ ಹೋಗಲು ಜನ ಹಿಂಜರಿಯುತ್ತಿದ್ದ ಕಾಲ ಅದು. ಥಿಯೇಟರ್ ಡೆವಲಪ್‌ಮೆಂಟ್ ಫಂಡ್ ಎಂಬ, ಲಾಭದ ಉದ್ದೇಶವಿಲ್ಲದ ಸಂಸ್ಥೆ ಅದನ್ನು ತೆರೆಯಿತು, ಇಂದಿಗೂ ನಡೆಸುತ್ತಿದೆ. ಹೀಗೆ ಟಿಕೆಟ್ ಮಾರುವುದು ಆ ಊರಿಗೆ ಹೊಸದೂ ಆಗಿರಲಿಲ್ಲ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಜೋ ಲೆಬ್ಲಾಂಗ್ ಎಂಬ ವ್ಯಾಪಾರಿ ಇದೇ ಟೈಮ್ಸ್ ಸ್ಕ್ವೇರ್‌ನ ಔಷಧಿ ಅಂಗಡಿಯೊಂದರ ನೆಲಮಾಳಿಗೆಯಲ್ಲಿ ಕೂತು, ಉಳಿದ ಟಿಕೆಟ್ಟುಗಳನ್ನು ಕಡಿಮೆ ಬೆಲೆಗೆ ಮಾರಿ ಶ್ರೀಮಂತನಾಗಿದ್ದ. ಲಂಡನ್ನಿನ ಲೆಸ್ಟರ್ ಸ್ಕ್ವೇರ್‌ನಲ್ಲಿ ಅರ್ಧ ಬೆಲೆಯ ಕೌಂಟರ್ ಬಂದದ್ದು 1980ರಲ್ಲಿ. ನ್ಯೂಯಾರ್ಕಿನ ಕೌಂಟರಿಗೆ ವರ್ಲ್ಡ್ ಟ್ರೇಡ್ ಸೆಂಟರ್‌ನ ಒಳಗೊಂದು ಶಾಖೆಯೂ ಇತ್ತು. 2001ರ ಸೆಪ್ಟೆಂಬರ್ 11ರಂದು ಕಟ್ಟಡದೊಂದಿಗೆ ಅದೂ ಹೋಯಿತು. ಈವರೆಗೆ ಟಿ.ಕೆ.ಟಿ.ಎಸ್ ಕಿಟಕಿಗಳಿಂದ ಮಾರಾಟವಾದ ಟಿಕೆಟ್ಟುಗಳ ಸಂಖ್ಯೆ 6 ಕೋಟಿ ದಾಟಿದೆ.

ಇದರ ಹಿಂದಿನ ಲೆಕ್ಕಾಚಾರ ಸಂತೆಗೆ ಹೋಗುವ ಯಾರಿಗಾದರೂ ತಿಳಿಯುತ್ತದೆ. ಬೆಳಿಗ್ಗೆ ಚೌಕಾಸಿಗೆ ಜಗ್ಗದ ಸೊಪ್ಪಿನವಳು ಹೊತ್ತು ಮುಳುಗುವಾಗ ಎರಡು ಕಟ್ಟಿನ ಬೆಲೆಗೆ ಮೂರು ಕಟ್ಟು ಕೊಡುತ್ತಾಳೆ, ಏಕೆಂದರೆ ನಾಳೆಗೆ ಅದು ಬಾಡಿರುತ್ತದೆ. ನಾಟಕದ ಆಸನ ಸೊಪ್ಪಿಗಿಂತಲೂ ಬೇಗ ಬಾಡುವ ಸರಕು. ಎಂಟು ಗಂಟೆಗೆ ಪರದೆ ಎದ್ದರೆ ಎಂಟೂ ಐದಕ್ಕೆ ಖಾಲಿ ಕುರ್ಚಿಯ ಬೆಲೆ ಸೊನ್ನೆ. ಸಭಾಂಗಣದಲ್ಲಿ ನೂರು ಜನರಿದ್ದರೂ ಸಾವಿರ ಜನರಿದ್ದರೂ ನಟರ ಸಂಬಳ, ವಾದ್ಯವೃಂದ, ದೀಪ, ಬಾಡಿಗೆ ಯಾವುದೂ ಕಡಿಮೆಯಾಗುವುದಿಲ್ಲ. ಅರ್ಥಶಾಸ್ತ್ರಜ್ಞರಾದ ವಿಲಿಯಂ ಬಾಮಲ್ ಮತ್ತು ವಿಲಿಯಂ ಬೋವೆನ್ 1966ರ ತಮ್ಮ ಪುಸ್ತಕದಲ್ಲಿ ರಂಗಕಲೆಗಳ ಈ ಸಂಕಟವನ್ನು ಬಿಡಿಸಿಟ್ಟರು. ಕಾರ್ಖಾನೆಯಲ್ಲಿ ಯಂತ್ರ ಬಂದು ಹತ್ತು ಜನರ ಕೆಲಸವನ್ನು ಒಬ್ಬರು ಮಾಡುವಂತಾಯಿತು. ನಾಲ್ವರು ನುಡಿಸಬೇಕಾದ ಸಂಗೀತಕ್ಕೆ ಇಂದಿಗೂ ನಾಲ್ವರೇ ಬೇಕು. ಅವರ ಸಂಬಳ ಮಾತ್ರ ಉಳಿದವರ ಸಂಬಳದ ಜೊತೆ ಏರಲೇಬೇಕು. ಹಾಗಾಗಿ ಟಿಕೆಟ್ ದರ ಏರುತ್ತಲೇ ಹೋಗುತ್ತದೆ.

ಏರಿದ್ದು ಸ್ವಲ್ಪವಲ್ಲ. 2001ರಲ್ಲಿ ‘ದಿ ಪ್ರೊಡ್ಯೂಸರ್ಸ್’ ನಾಟಕದವರು ಒಳ್ಳೆಯ ಆಸನಗಳಿಗೆ 480 ಡಾಲರ್ ಇಟ್ಟಾಗ ಊರೇ ಬೆಚ್ಚಿತ್ತು. ಬ್ಲ್ಯಾಕ್‌ನಲ್ಲಿ ಮಾರುವವರಿಗೆ ಹೋಗುತ್ತಿದ್ದ ಹಣ ನಾಟಕದವರಿಗೇ ಬರಲಿ ಎಂಬುದು ಅವರ ಸಮರ್ಥನೆಯಾಗಿತ್ತು. 2025ರಲ್ಲಿ ಡೆಂಜೆಲ್ ವಾಷಿಂಗ್ಟನ್ ಅಭಿನಯಿಸಿದ ‘ಒಥೆಲೋ’ದ ಮುಂದಿನ ಆಸನಗಳಿಗೆ 921 ಡಾಲರ್. 2024–25ರ ಸಾಲಿನಲ್ಲಿ ಬ್ರಾಡ್‌ವೇ ಗಳಿಸಿದ್ದು 189 ಕೋಟಿ ಡಾಲರ್, ನೋಡಿದವರು ಸುಮಾರು 1.47 ಕೋಟಿ. ಭಾಗಿಸಿದರೆ ಒಂದು ಆಸನಕ್ಕೆ ಸರಾಸರಿ 130 ಡಾಲರಿನ ಆಸುಪಾಸು. ನ್ಯೂಜೆರ್ಸಿಯ ಮಗಳ ಮನೆಗೆ ಹೋದ ಮೈಸೂರಿನ ತಂದೆ ತಾಯಿ ಮನಸ್ಸಿನಲ್ಲೇ ರೂಪಾಯಿಗೆ ತಿರುಗಿಸಿ, ಇಬ್ಬರಿಗೆ ಇಪ್ಪತ್ತು ಸಾವಿರಕ್ಕೂ ಮೇಲೆ ಎಂದು ಗೊತ್ತಾದಾಗ, ‘ನಮಗೆ ಬೇಡಮ್ಮ, ನೀವು ಹೋಗಿಬನ್ನಿ’ ಎನ್ನುವುದು ಸಹಜ.

ಇಲ್ಲಿಯವರೆಗಿನದು ಉಳಿದ ಸರಕಿನ ಕಥೆ. ಉಳಿದದ್ದನ್ನು ಅಗ್ಗಕ್ಕೆ ಕೊಡುವುದು ಒಳ್ಳೆಯದೇ. ಕುರ್ಚಿ ಖಾಲಿ ಬಿಡುವುದಕ್ಕಿಂತ ಅದರಲ್ಲೊಬ್ಬ ಮನುಷ್ಯ ಕೂರುವುದು ಎಲ್ಲ ರೀತಿಯಲ್ಲೂ ಮೇಲು. ಆದರೆ ಅದಕ್ಕೊಂದು ಮಿತಿ ಇದೆ. ಹೌಸ್‌ಫುಲ್ ಓಡುವ ನಾಟಕದ ಹೆಸರು ಆ ಫಲಕದಲ್ಲಿ ಕಾಣಿಸುವುದೇ ಅಪರೂಪ. 250 ಡಾಲರಿನ ಟಿಕೆಟ್ಟಿಗೆ ಅರ್ಧ ಬೆಲೆಯ ರಿಯಾಯಿತಿ ಸಿಕ್ಕರೂ ಕೊಡಬೇಕಾದ್ದು 125 ಡಾಲರ್. ಅಂದರೆ ಊರೆಲ್ಲ ಮಾತಾಡುವ ನಾಟಕವನ್ನು, ಅದು ಮಾತಿನಲ್ಲಿರುವ ದಿನಗಳಲ್ಲೇ, ಕೈಯಲ್ಲಿ ಹಣವಿಲ್ಲದವರು ನೋಡುವ ದಾರಿ ಇದರಿಂದ ತೆರೆಯಲಿಲ್ಲ. ಆ ದಾರಿಯನ್ನು ತೆರೆದದ್ದು ಬೇರೆಯೇ ಒಂದು ನಾಟಕ. ಅದರ ಕಥೆಯನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

ಜೊನಾಥನ್ ಲಾರ್ಸನ್ ಎಂಬ ಯುವಕ ವರ್ಷಗಟ್ಟಲೆ ಮ್ಯಾನ್‌ಹಟನ್ನಿನ ಹೋಟೆಲೊಂದರಲ್ಲಿ ಸಪ್ಲೈಯರ್ ಆಗಿ ದುಡಿಯುತ್ತ ಒಂದು ಸಂಗೀತ ನಾಟಕ ಬರೆದ. ಹೆಸರು ‘ರೆಂಟ್’. ಮನೆ ಬಾಡಿಗೆ ಕಟ್ಟಲಾಗದ ಕಲಾವಿದರು, ಏಡ್ಸ್ ಹಿಡಿದ ಗೆಳೆಯರು, ಈಸ್ಟ್ ವಿಲೇಜ್‌ನ ಚಳಿ, ಇವೇ ಅದರ ವಸ್ತು. 1996ರ ಜನವರಿ 25ರಂದು, ಮೊದಲ ಪ್ರಯೋಗ ನಡೆಯಬೇಕಿದ್ದ ದಿನವೇ, ಮೂವತ್ತೈದು ವರ್ಷದ ಲಾರ್ಸನ್ ತೀರಿಕೊಂಡ. ನಾಟಕ ಊರನ್ನೇ ಕಲಕಿತು. ಏಪ್ರಿಲ್ ಹೊತ್ತಿಗೆ ಬ್ರಾಡ್‌ವೇಯ ನೆಡರ್‌ಲ್ಯಾಂಡರ್ ರಂಗಮಂದಿರಕ್ಕೆ ಬಂದಿತು. ಆಗ ನಿರ್ಮಾಪಕರಾದ ಜೆಫ್ರಿ ಸೆಲ್ಲರ್ ಮತ್ತು ಕೆವಿನ್ ಮೆಕಲಮ್ ಎದುರಿಗೆ ಒಂದು ಪ್ರಶ್ನೆ ನಿಂತಿತು: ಈ ನಾಟಕ ಯಾರ ಬದುಕಿನ ಬಗ್ಗೆ ಇದೆಯೋ ಅವರೇ ಇದನ್ನು ನೋಡಲಾಗದಿದ್ದರೆ ಹೇಗೆ?

ಅವರು ಮಾಡಿದ್ದು ಇಷ್ಟು. ಪ್ರತಿ ಪ್ರಯೋಗಕ್ಕೂ ಮೊದಲ ಎರಡು ಸಾಲುಗಳ 34 ಆಸನಗಳನ್ನು ಎತ್ತಿಟ್ಟರು. ಅಂದೇ ಬಂದವರಿಗೆ, ತಲಾ 20 ಡಾಲರಿಗೆ. ಹೌಸ್‌ಫುಲ್ ಆದರೂ ಅಷ್ಟೇ, ಆಗದಿದ್ದರೂ ಅಷ್ಟೇ. ಇಲ್ಲಿ ಉಳಿದ ಸರಕಿನ ಮಾತೇ ಇಲ್ಲ. ಅತಿ ಹೆಚ್ಚು ಬೆಲೆಗೆ ಮಾರಬಹುದಾಗಿದ್ದ ಜಾಗವನ್ನೇ ಅತಿ ಕಡಿಮೆ ಬೆಲೆಗೆ ಕೊಟ್ಟರು. ಹುಡುಗ ಹುಡುಗಿಯರು ಹಿಂದಿನ ರಾತ್ರಿಯೇ ಬಂದು ರಂಗಮಂದಿರದ ಮುಂದಿನ ಫುಟ್‌ಪಾತ್ ಮೇಲೆ ಮಲಗತೊಡಗಿದರು. ಅವರಿಗೆ ‘ರೆಂಟ್‌ಹೆಡ್’ ಎಂಬ ಹೆಸರೂ ಬಿದ್ದಿತು. ಬೀದಿಯಲ್ಲಿ ಮಲಗುವುದು ಅಪಾಯ ಎನಿಸಿದಾಗ, 1997ರಲ್ಲಿ, ಸಾಲನ್ನು ನಿಲ್ಲಿಸಿ ಚೀಟಿ ಎತ್ತುವ ಲಾಟರಿ ತಂದರು. ‘ರೆಂಟ್’ 2008ರವರೆಗೆ ಹನ್ನೆರಡು ವರ್ಷ ಓಡಿತು. ಹಾಡುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದ ಹರೆಯದವರು ದಿನವೂ ಕಾಲಬುಡದಲ್ಲೇ ಕೂತಿರುವಾಗ ನಟರು ಹೇಗೆ ಹಾಡಿರಬಹುದು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ನಮ್ಮ ಟೂರಿಂಗ್ ಟಾಕೀಸುಗಳನ್ನು ಕಂಡವರಿಗೆ ಆ ಉತ್ಸಾಹ ಗೊತ್ತಿದೆ. ಡೇರೆಯ ಹಿಂಭಾಗದಲ್ಲಿ ಕುರ್ಚಿ, ನಡುವೆ ಬೆಂಚು, ಪರದೆಯ ಎದುರಿಗೆ ಮರಳಿನ ಮೇಲೆ ‘ನೆಲ’. ಶಿಳ್ಳೆ ಏಳುತ್ತಿದ್ದುದು, ಚಿಲ್ಲರೆ ತೂರಿಬರುತ್ತಿದ್ದುದು ನೆಲದಿಂದಲೇ. ಸಿನಿಮಾದಲ್ಲಿ ಪರದೆಗೆ ಅಂಟಿ ಕೂತರೆ ಕತ್ತು ನೋಯುತ್ತದೆ, ಅದಕ್ಕೇ ಅದು ಅಗ್ಗ. ನಾಟಕದಲ್ಲಿ ಹಾಗಲ್ಲ, ಬೆವರು ಕಾಣುವಷ್ಟು, ಉಸಿರು ಕೇಳುವಷ್ಟು ಹತ್ತಿರದ ಜಾಗವೇ ಸುಖದ ಜಾಗ. ಅದನ್ನು ಬಡವನಿಗೆ ಬಿಟ್ಟುಕೊಟ್ಟದ್ದು ‘ರೆಂಟ್’ ಮಾಡಿದ ದೊಡ್ಡ ಕೆಲಸ.

ಇದೇ ಜೆಫ್ರಿ ಸೆಲ್ಲರ್ ಮುಂದೆ ‘ಹ್ಯಾಮಿಲ್ಟನ್’ ನಿರ್ಮಿಸಿದರು. 2015ರ ಜುಲೈನಲ್ಲಿ ರಿಚರ್ಡ್ ರಾಜರ್ಸ್ ರಂಗಮಂದಿರದಲ್ಲಿ ಪ್ರಯೋಗ ಶುರುವಾದ ದಿನ, 10 ಡಾಲರಿನ 21 ಆಸನಗಳ ಲಾಟರಿಗೆ 700ಕ್ಕೂ ಹೆಚ್ಚು ಜನ ಬೀದಿ ತುಂಬಿದರು. ಹತ್ತು ಡಾಲರಿನ ನೋಟಿನ ಮೇಲಿರುವುದು ಅಲೆಕ್ಸಾಂಡರ್ ಹ್ಯಾಮಿಲ್ಟನ್ನನ ಮುಖವೇ, ಬೆಲೆ ಅಲ್ಲಿಂದ ಬಂದದ್ದು. ಬಂದವರಲ್ಲಿ ಬಹುಪಾಲು ಮಂದಿ ಬರಿಗೈಯಲ್ಲಿ ಹೋಗಬೇಕಲ್ಲ ಎಂದು ನಾಟಕಕಾರ ಲಿನ್-ಮ್ಯಾನುವೆಲ್ ಮಿರಾಂಡಾ ಬಾಗಿಲ ಬಳಿಯೇ ನಿಂತು ಅವರೊಂದಿಗೆ ಮಾತಾಡಿದರು. ಅದೇ ಮುಂದೆ ಬೆಳೆದು, ಚೀಟಿ ಎತ್ತುವ ಮೊದಲು ನಟರು ಬೀದಿಯಲ್ಲೇ ಐದು ನಿಮಿಷ ಹಾಡಿ ಕುಣಿದು ರಂಜಿಸುವ ಪದ್ಧತಿಯಾಯಿತು. ಟಿಕೆಟ್ ಸಿಗದವರಿಗೂ ಏನೋ ಸಿಕ್ಕಿತು. 2016ರ ಬೇಸಿಗೆಯಲ್ಲಿ ಅದೇ ನಾಟಕದ ಅತ್ಯುತ್ತಮ ಆಸನಗಳ ದರ 849 ಡಾಲರಿಗೆ ಏರಿದಾಗ ಲಾಟರಿಯ ಆಸನಗಳು 21ರಿಂದ 46 ಆದವು. ಮೇಲಿನ ಬೆಲೆ ಏರಿಸುವವರು ಕೆಳಗಿನ ಬಾಗಿಲನ್ನೂ ಅಗಲ ಮಾಡಬೇಕು ಎಂಬ ಈ ನ್ಯಾಯವನ್ನು ಎಲ್ಲರೂ ಪಾಲಿಸಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

ಹಾಗಾಗಲಿಲ್ಲ. ಆ ಬಾಗಿಲು ನಿಧಾನವಾಗಿ ಫೋನಿನೊಳಗೆ ಸರಿಯಿತು. 2016ರ ಜನವರಿಯಲ್ಲಿ ‘ಹ್ಯಾಮಿಲ್ಟನ್’ ಲಾಟರಿ ಆನ್‌ಲೈನ್ ಆದ ಮೊದಲ ದಿನವೇ 50,000ಕ್ಕೂ ಹೆಚ್ಚು ಅರ್ಜಿ ಬಂದು ವೆಬ್‌ಸೈಟ್ ಕುಸಿಯಿತು. ಬೀದಿಯಲ್ಲಿ 21 ಆಸನಕ್ಕೆ 700 ಜನ. ತೆರೆಯ ಮೇಲೆ ಅರ್ಧ ಲಕ್ಷ. ಬೀದಿಗೆ ಬರಲು ಮನಸ್ಸೂ ಸಮಯವೂ ಬೇಕಿತ್ತು, ಬೆರಳಾಡಿಸಲು ಏನೂ ಬೇಡ. ಅಂದು ನಾಟಕ ನೋಡಲೇಬೇಕೆಂದು ಹೊರಟವನಿಗೂ, ಬಂದರೆ ಬರಲಿ ಎಂದು ಗುಂಡಿ ಒತ್ತಿದವನಿಗೂ ಒಂದೇ ಅವಕಾಶ. ಈಗ ಅನೇಕ ನಾಟಕಗಳ ಅಂದಿನ ಅಗ್ಗದ ಟಿಕೆಟ್ಟುಗಳು ಬೆಳಿಗ್ಗೆ ಆ್ಯಪ್‌ನಲ್ಲಿ ಬಿಡುಗಡೆಯಾಗಿ ಕಣ್ಣು ಮಿಟುಕಿಸುವುದರಲ್ಲಿ ಮುಗಿಯುತ್ತವೆ. ಎಷ್ಟೋ ಸಲ ಆ ಆಸನ ಎಲ್ಲಿಯದು ಎಂಬುದು ಕೈಗೆ ಬಂದ ಮೇಲೆಯೇ ತಿಳಿಯುತ್ತದೆ: ಕಂಬದ ಹಿಂದೆ, ಮೂಲೆಯಲ್ಲಿ, ರಂಗದ ಕಾಲುಭಾಗ ಕಾಣದ ಕಡೆ.

ಎದುರಿನಿಂದ ನೋಡಿದರೂ ಕೆಲವು ಮಾತು ನಿಜ. ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್ ಬೆಳಗಿನ ಸಾಲಿನಲ್ಲಿ ನಿಲ್ಲಲಾರಳು. ಗಾಲಿಕುರ್ಚಿಯವರಿಗೆ, ವಯಸ್ಸಾದವರಿಗೆ, ದೂರದ ಬ್ರಾಂಕ್ಸ್‌ನಿಂದ ಎರಡು ರೈಲು ಬದಲಿಸಿ ಬರುವವರಿಗೆ ಫೋನೇ ಅನುಕೂಲ. ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಕಿಟಕಿಯ ಮುಂದಿನ ಸಾಲಿಗೆ ಒಂದು ಗುಣವಿದೆ, ಅದು ಯಾವ ಆ್ಯಪ್‌ಗೂ ಬಂದಿಲ್ಲ: ಅಲ್ಲಿ ನಿಲ್ಲಬಲ್ಲದ್ದು ಮನುಷ್ಯ ಮಾತ್ರ. ಸಾವಿರಾರು ಟಿಕೆಟ್ಟುಗಳನ್ನು ಕ್ಷಣದಲ್ಲಿ ಬಾಚಿಕೊಂಡು ಹಲವು ಪಟ್ಟು ಬೆಲೆಗೆ ಮಾರುವ ಕಂಪ್ಯೂಟರ್ ಪ್ರೋಗ್ರಾಮುಗಳ ವಿರುದ್ಧ 2016ರಲ್ಲಿ ಮಿರಾಂಡಾ ಪತ್ರಿಕೆಯಲ್ಲಿ ಬರೆದರು. ಆ ವರ್ಷದ ಕೊನೆಗೆ ಅಮೆರಿಕದಲ್ಲಿ ಅಂಥ ಬಾಟ್‌ಗಳನ್ನು ನಿಷೇಧಿಸುವ ಕಾಯ್ದೆಯೂ ಬಂತು. ಇಪ್ಪತ್ತು ಡಾಲರಿಗೆ ಕಿಟಕಿಯಲ್ಲಿ ಕೊಂಡು ಎರಡು ಗಂಟೆಯಲ್ಲಿ ಒಳಗೆ ಕೂರಬೇಕಾದ ಟಿಕೆಟ್ಟನ್ನು ಯಾರು ಯಾರಿಗೆ ಬ್ಲ್ಯಾಕ್‌ನಲ್ಲಿ ಮಾರಿಯಾರು?

ನಿರ್ಮಾಪಕರ ತಕರಾರು ಹಳೆಯದು. ಅಂದೇ ಅಗ್ಗಕ್ಕೆ ಸಿಗುತ್ತದೆಂದು ಗೊತ್ತಾದರೆ ಮುಂಗಡ ಕೊಳ್ಳುವವರು ಯಾರು, ಪೂರ್ತಿ ಬೆಲೆ ಕೊಟ್ಟವರಿಗೆ ಮೋಸವಲ್ಲವೇ ಎನ್ನುತ್ತಾರೆ. ಅನುಭವ ಅದಕ್ಕೆ ಉತ್ತರ ಕೊಟ್ಟಿದೆ. ಮುಂಬರುವ ಶನಿವಾರ ಹೆಂಡತಿ ಮಕ್ಕಳೊಂದಿಗೆ ಇಂಥದ್ದೇ ನಾಟಕ ಎಂದು ಹೊರಡುವವರು ಸಿಗುತ್ತದೋ ಇಲ್ಲವೋ ಎಂಬ ಟಿಕೆಟ್ಟಿಗಾಗಿ ಕಾಯುವುದಿಲ್ಲ. ಕಾಯುವವರು ಬೇರೆಯೇ ಜನ: ವಿದ್ಯಾರ್ಥಿಗಳು, ಕೆಲಸ ಹುಡುಕುತ್ತಿರುವ ನಟರು, ನಿವೃತ್ತ ಮೇಷ್ಟರು. ಅವರು ಸಮಯ ಕೊಟ್ಟು ಕೊಳ್ಳುತ್ತಾರೆ. ಅವರಿಗೆ ಬಾಗಿಲು ಮುಚ್ಚಿದರೆ ಅವರೇನೂ ಪೂರ್ತಿ ಬೆಲೆ ಕೊಡುವುದಿಲ್ಲ, ಮನೆಯಲ್ಲೇ ಉಳಿಯುತ್ತಾರೆ.

ಇನ್ನು, ಅಗ್ಗದ ಜಾಗ ಕೆಟ್ಟ ಜಾಗವೇ ಆಗಿರಬೇಕೆಂಬ ನಿಯಮವನ್ನು ಮುರಿದವರು ಬೇರೆ ಕಡೆಯೂ ಇದ್ದಾರೆ. ಲಂಡನ್ನಿನಲ್ಲಿ 1997ರಲ್ಲಿ ಮರಳಿ ಕಟ್ಟಿದ ಶೇಕ್ಸ್‌ಪಿಯರನ ಗ್ಲೋಬ್ ರಂಗಮಂದಿರದ ಬಯಲಂಗಳದಲ್ಲಿ 700 ಜನ ನಿಂತು ನೋಡಬಹುದು, ಬಹುಕಾಲ ಅದರ ದರ 5 ಪೌಂಡ್. ಮಳೆ ಬಂದರೆ ನೆನೆಯಬೇಕು, ಕೊಡೆ ಬಿಚ್ಚುವಂತಿಲ್ಲ. ಆದರೆ ರಂಗದ ಅಂಚಿಗೆ ಮೊಣಕೈ ಊರಿ ನಿಂತವನ ಮುಖದೆದುರೇ ಹ್ಯಾಮ್ಲೆಟ್ ಮಾತಾಡುತ್ತಾನೆ. ದುಬಾರಿ ಗ್ಯಾಲರಿಯವರು ದೂರದಿಂದ ನೋಡುತ್ತಾರೆ. ವಿಯೆನ್ನಾದ ಸ್ಟೇಟ್ ಆಪರಾದಲ್ಲಿ ನಿಂತು ಕೇಳುವವರ ಜಾಗ ಕೆಳ ಅಂತಸ್ತಿನ ನಟ್ಟನಡುವೆ, ಹಳೆಯ ಕಾಲದ ರಾಜಗ್ಯಾಲರಿಯ ಕೆಳಗೇ ಇದೆ. ಅಕ್ಕಪಕ್ಕದ ಆಸನಗಳ ದರದಲ್ಲಿ ಒಂದು ಸಣ್ಣ ಪಾಲಿಗೆ ಟಿಕೆಟ್ ಕೊಂಡವರು ಮುಂದಿನ ಸರಳಿಗೆ ಕೊರಳವಸ್ತ್ರ ಕಟ್ಟಿ ಜಾಗ ಹಿಡಿಯುತ್ತಾರೆ, ಕಟ್ಟಿದ ವಸ್ತ್ರವನ್ನು ಯಾರೂ ಮುಟ್ಟುವುದಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪರಾದಲ್ಲಿ ಆಗ್ನೆಸ್ ವಾರಿಸ್ ಎಂಬ ಔಷಧೋದ್ಯಮಿ 2006ರಲ್ಲಿ ತಮ್ಮ ಹಣ ಕೊಟ್ಟು, ಕೆಳ ಅಂತಸ್ತಿನ ದುಬಾರಿ ಆಸನಗಳು ಅಂದಂದಿನ ಸಾಲಿನವರಿಗೆ 20 ಡಾಲರಿಗೆ ಸಿಗುವಂತೆ ಮಾಡಿದರು. ಹಿಂದಿನ ಆಸನಗಳಿಗೆ ದಾನ ಕೊಟ್ಟಿದ್ದರೂ ಜನ ಹೊಗಳುತ್ತಿದ್ದರು. ಅವರು ಮುಂದಿನದನ್ನೇ ಆರಿಸಿದರು.

ಸೆಂಟ್ರಲ್ ಪಾರ್ಕಿನ ಡೆಲಾಕೋರ್ಟ್ ಬಯಲು ರಂಗಮಂದಿರದ ವಿಷಯ ಇನ್ನೂ ಮುಂದಿನದು. ಅಲ್ಲಿ ಶೇಕ್ಸ್‌ಪಿಯರನ ನಾಟಕಗಳು ಉಚಿತ. ಬೆಳಗಿನ ಜಾವವೇ ಉದ್ಯಾನದಲ್ಲಿ ಸಾಲು ನಿಲ್ಲುತ್ತದೆ, ಮಧ್ಯಾಹ್ನ ಟಿಕೆಟ್ ಹಂಚುತ್ತಾರೆ. 1959ರಲ್ಲಿ ನಗರದ ಉದ್ಯಾನಗಳ ಮುಖ್ಯಸ್ಥರಾಗಿದ್ದ ಪ್ರಬಲ ಅಧಿಕಾರಿ ರಾಬರ್ಟ್ ಮೋಸಸ್, ಜನ ತುಳಿದು ಹುಲ್ಲು ಹಾಳಾಗುತ್ತಿದೆ, ಅದರ ಖರ್ಚಿಗೆ ಟಿಕೆಟ್ ಇಡಿ ಎಂದು ಆಗ್ರಹಿಸಿದರು. ಆ ನಾಟಕಗಳನ್ನು ಆಡಿಸುತ್ತಿದ್ದ ಜೋಸೆಫ್ ಪ್ಯಾಪ್ ಒಪ್ಪಲಿಲ್ಲ. ಒಂದೆರಡು ಡಾಲರ್ ತಾನೇ ಎಂದು ರಾಜಿಯಾಗಬಹುದಿತ್ತು. ಪ್ಯಾಪ್ ನ್ಯಾಯಾಲಯಕ್ಕೆ ಹೋಗಿ ಗೆದ್ದರು. ಮೂರು ವರ್ಷದ ನಂತರ ಅದೇ ಉದ್ಯಾನದಲ್ಲಿ ಡೆಲಾಕೋರ್ಟ್ ಎದ್ದಿತು.

ಕರ್ನಾಟಕದಲ್ಲಿ ಟಿಕೆಟ್ ದರದ ಚರ್ಚೆ ಬಂದಾಗಲೆಲ್ಲ ಮಾತು ಗರಿಷ್ಠ ಬೆಲೆಯ ಸುತ್ತಲೇ ಸುತ್ತುತ್ತದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಮಲ್ಟಿಪ್ಲೆಕ್ಸ್ ಸೇರಿದಂತೆ ಸಿನಿಮಾ ಟಿಕೆಟ್ಟಿಗೆ 200 ರೂಪಾಯಿಯ ಮಿತಿ ಹಾಕಿತು, ವಿಷಯ ಹೈಕೋರ್ಟಿಗೆ ಹೋಗಿ ಅದೇ ತಿಂಗಳು ತಡೆಯಾಜ್ಞೆ ಬಂತು. ಮೇಲಿನ ಬೆಲೆಯನ್ನು ಕಟ್ಟಿಹಾಕಲು ಹೊರಟರೆ ಮೊಕದ್ದಮೆ ಬೆಳೆಯುತ್ತದೆ. ಪ್ರತಿ ಆಟದಲ್ಲೂ ಇಷ್ಟು ಒಳ್ಳೆಯ ಆಸನಗಳು ಅಂದೇ ಬಂದವರಿಗೆ ಇಷ್ಟೇ ಬೆಲೆಗೆ ಎಂಬ ಏರ್ಪಾಡಿಗೆ ಅಷ್ಟು ವಿರೋಧ ಬಾರದು. ಇಲ್ಲಿನ ಚರ್ಚೆ ಆ ದಿಕ್ಕಿಗೂ ಒಮ್ಮೆ ತಿರುಗಬೇಕು.

ನ್ಯೂಜೆರ್ಸಿಗೆ ಹೋಗುವ ಅಪ್ಪ ಅಮ್ಮಂದಿರಿಗೂ ಎರಡು ಮಾತು. ಬಸ್ಸಿಳಿಯುವ ಪೋರ್ಟ್ ಅಥಾರಿಟಿ ನಿಲ್ದಾಣದಿಂದ ಡಫಿ ಸ್ಕ್ವೇರ್ ನಡೆದುಹೋಗುವಷ್ಟು ಹತ್ತಿರ. ಸೋಮವಾರ ಬಹಳ ರಂಗಮಂದಿರಗಳಿಗೆ ರಜೆ. ಬುಧವಾರ, ಶನಿವಾರ, ಭಾನುವಾರ ಮಧ್ಯಾಹ್ನದ ಆಟಗಳೂ ಇರುತ್ತವೆ. ಸಂಗೀತ ನಾಟಕ ಬಿಟ್ಟು ಮಾತಿನ ನಾಟಕ ನೋಡುವವರಿಗೆ ಪ್ರತ್ಯೇಕ ಕಿಟಕಿ ಇದೆ, ಅಲ್ಲಿ ಸಾಲು ಚಿಕ್ಕದು. ಒಮ್ಮೆ ಕೊಂಡವರು ಏಳು ದಿನದೊಳಗೆ ಹಳೆಯ ಟಿಕೆಟ್ ತೋರಿಸಿದರೆ ಸಾಲು ನಿಲ್ಲದೆ ಮತ್ತೆ ಕೊಳ್ಳಬಹುದು. ಪರದೆ ಏಳುವ ಸಮಯ ಹತ್ತಿರವಾದಂತೆ ಸಾಲು ಕರಗುತ್ತದೆ, ಒಳ್ಳೆಯ ಆಸನಗಳು ಕೊನೆಯ ಗಳಿಗೆಯಲ್ಲೂ ಬಿಡುಗಡೆಯಾಗುವುದುಂಟು. ಇಂಥದ್ದೇ ನಾಟಕ ಆಗಬೇಕೆಂಬ ಹಟ ಬಿಟ್ಟು ಹೋದವರು ಬರಿಗೈಯಲ್ಲಿ ಬರುವುದು ಕಡಿಮೆ.

ಮುಖ್ಯ ಬೇಡಿಕೆ ಮಾತ್ರ ನಿರ್ಮಾಪಕರ ಮುಂದೆಯೇ ಇಡಬೇಕು. ಕೋವಿಡ್ ನಂತರ ಬ್ರಾಡ್‌ವೇಯನ್ನು ಎತ್ತಿನಿಲ್ಲಿಸಲು ನ್ಯೂಯಾರ್ಕ್ ರಾಜ್ಯ 2021ರಿಂದ ಒಂದೊಂದು ನಾಟಕದ ಖರ್ಚಿನ ಕಾಲುಭಾಗವನ್ನು, 30 ಲಕ್ಷ ಡಾಲರಿನವರೆಗೂ, ತೆರಿಗೆ ವಿನಾಯಿತಿಯಾಗಿ ಕೊಟ್ಟಿತು. ಅದು ಜನರ ದುಡ್ಡು. ರಿಚರ್ಡ್ ರಾಜರ್ಸ್ ರಂಗಮಂದಿರದಲ್ಲಿ ಇರುವುದು 1,319 ಆಸನ. ‘ಹ್ಯಾಮಿಲ್ಟನ್’ ಎತ್ತಿಟ್ಟ 46 ಅದರ ಶೇ 3.5. ಬ್ರಾಡ್‌ವೇಯಲ್ಲಿ 41 ರಂಗಮಂದಿರಗಳಿವೆ, ವಾರಕ್ಕೆ ಸಾಮಾನ್ಯವಾಗಿ ಎಂಟು ಪ್ರಯೋಗ. ಎಲ್ಲವೂ ಓಡುತ್ತಿರುವ ವಾರದಲ್ಲಿ ಎಲ್ಲರೂ 46ರಂತೆ ಕೊಟ್ಟರೆ 15,000ಕ್ಕೂ ಹೆಚ್ಚು ಜನ ಹತ್ತಿಪ್ಪತ್ತು ಡಾಲರಿಗೆ ನಾಟಕ ನೋಡಬಹುದು. ಆ ಆಸನಗಳು ಮೊದಲ ಸಾಲುಗಳಲ್ಲೇ ಇರಲಿ, ಯಾವ ಸಾಲು ಎಂಬುದನ್ನು ಮೊದಲೇ ತಿಳಿಸಲಿ. ಅರ್ಧವನ್ನು ಸಾಲಿನಲ್ಲಿ ನಿಲ್ಲಲಾಗದವರಿಗಾಗಿ ಫೋನಿನ ಲಾಟರಿಗೆ ಬಿಟ್ಟು, ಉಳಿದರ್ಧವನ್ನು ರಂಗಮಂದಿರದ ಕಿಟಕಿಯಲ್ಲಿ, ಅಂದೇ, ಬಂದ ಮನುಷ್ಯನ ಕೈಗೇ ಕೊಡಲಿ. ಹೌಸ್‌ಫುಲ್ ಬೋರ್ಡ್ ಬಿದ್ದ ದಿನವೂ.